ಹುಡುಗರ ಶಾಲಾ ದಾಖಲಾತಿ: ದೇಶದೇಶಗಳ ಗ್ರಾಫ್ ಓದುವುದು ಹೇಗೆ?

ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳೋಣ. ಒಂದರಲ್ಲಿ ಲೋವರ್ ಸೆಕೆಂಡರಿ ಹಂತದ ಹುಡುಗರ ದಾಖಲಾತಿ ದರ 95. ಇನ್ನೊಂದರಲ್ಲಿ 85. ಯಾವ ದೇಶದ ಹುಡುಗರ ಪರಿಸ್ಥಿತಿ ಚೆನ್ನಾಗಿದೆ? ಮೊದಲನೆಯದ್ದು ಅಂತ ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಇಷ್ಟೇ ಮಾಹಿತಿ ಇಟ್ಟುಕೊಂಡು ಹಾಗೆ ಹೇಳಲು ಬರುವುದಿಲ್ಲ. ಆ 95ರಲ್ಲಿ ಯಾರ್ಯಾರು ಸೇರಿದ್ದಾರೆ, ಯಾವ ವಯಸ್ಸಿನವರು, ಎಷ್ಟು ಹುಡುಗರಿಗೆ ಭಾಗಿಸಿದ್ದಾರೆ ಎಂದು ಗೊತ್ತಾಗುವವರೆಗೆ ಅದು ಅರ್ಧ ಮಾಹಿತಿ ಅಷ್ಟೇ.

ಇಂಥ ಗ್ರಾಫ್‌ಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಯುನೆಸ್ಕೊದ ಅಂಕಿಅಂಶ ಸಂಸ್ಥೆ ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಅದು ದೇಶಗಳಿಂದ ಲೆಕ್ಕ ತರಿಸಿಕೊಂಡು ಪ್ರಕಟಿಸುತ್ತದೆ. ವಿಶ್ವ ಬ್ಯಾಂಕ್ ಅದನ್ನೇ ತನ್ನ ಜಾಲತಾಣದಲ್ಲಿ ಹಾಕುತ್ತದೆ. 1970ರಿಂದ ಈಚಿನ ಅಂಕಿಗಳು ಸಿಗುತ್ತವೆ. ಎರಡು ದೇಶ ಆರಿಸಿ, 'ಹುಡುಗರು' ಎಂದು ಒತ್ತಿದರೆ ಸಾಕು, ಗೆರೆ ಮೂಡುತ್ತದೆ. ಗೆರೆ ಮೂಡಿಸುವುದು ಸುಲಭ, ಓದುವುದು ಕಷ್ಟ.

ಇದು ಯಾವ ಹಂತ?

ಪ್ರೈಮರಿ ಮುಗಿದ ಮೇಲಿನ ಮೊದಲ ಕೆಲವು ವರ್ಷಗಳೇ ಲೋವರ್ ಸೆಕೆಂಡರಿ. ಪ್ರೈಮರಿಯಲ್ಲಿ ಸಾಮಾನ್ಯವಾಗಿ ಒಬ್ಬರೇ ಟೀಚರ್ ಎಲ್ಲವನ್ನೂ ಕಲಿಸುತ್ತಾರೆ. ಇಲ್ಲಿ ವಿಷಯಕ್ಕೊಬ್ಬರು ಬರುತ್ತಾರೆ. ಮಕ್ಕಳಿಗೆ ಹತ್ತರಿಂದ ಹದಿನೈದರ ಒಳಗಿನ ವಯಸ್ಸು. ಬಡ ಮನೆಗಳಲ್ಲಿ ಹುಡುಗನ ಕೈಗೆ ಕೆಲಸ ಬರುವುದೂ ಇದೇ ವಯಸ್ಸಿನಲ್ಲಿ. ಅದಕ್ಕೇ ಈ ಹಂತದ ಅಂಕಿ ಅಷ್ಟು ಮುಖ್ಯ.

ಆದರೆ ಈ ಹಂತ ಎಲ್ಲ ದೇಶಗಳಲ್ಲೂ ಒಂದೇ ಥರ ಇಲ್ಲ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಪ್ರೈಮರಿ ನಾಲ್ಕೇ ವರ್ಷ. ಹತ್ತನೇ ವಯಸ್ಸಿಗೇ ಹುಡುಗ ಮುಂದಿನ ಹಂತಕ್ಕೆ ಕಾಲಿಡುತ್ತಾನೆ. ಜಪಾನಿನಲ್ಲಿ ಆರು ವರ್ಷ ಪ್ರೈಮರಿ, ಆಮೇಲೆ ಮೂರು ವರ್ಷ ಮಿಡ್ಲ್ ಸ್ಕೂಲ್. ಫ್ರಾನ್ಸಿನಲ್ಲಿ ಇದು ನಾಲ್ಕು ವರ್ಷ, ಇಟಲಿಯಲ್ಲಿ ಮೂರು, ರಷ್ಯಾದಲ್ಲಿ ಐದು. ದಕ್ಷಿಣ ಆಫ್ರಿಕಾದಲ್ಲಿ 8 ಮತ್ತು 9ನೇ ತರಗತಿ ಮಾತ್ರ. ಭಾರತದಲ್ಲಿ 6ರಿಂದ 8ನೇ ತರಗತಿ. ನಮ್ಮ ಕಾಗದಪತ್ರಗಳು ಅದನ್ನು ಹಿರಿಯ ಪ್ರಾಥಮಿಕ ಎನ್ನುತ್ತವೆ, ಯುನೆಸ್ಕೊ ಪಟ್ಟಿಯಲ್ಲಿ ಅದು ಲೋವರ್ ಸೆಕೆಂಡರಿ. ಹಾಗಾಗಿ ಭಾರತದ ಹೈಸ್ಕೂಲ್ ಅಂಕಿಯನ್ನು ಬೇರೆ ದೇಶದ ಲೋವರ್ ಸೆಕೆಂಡರಿ ಪಕ್ಕ ಇಟ್ಟರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ.

ಈ ಗೊಂದಲ ಬಿಡಿಸೋಕೆ ಯುನೆಸ್ಕೊ ಒಂದು ವರ್ಗೀಕರಣ ಮಾಡಿದೆ. ಹೆಸರು ಇಸ್ಕೆಡ್. 1970ರ ದಶಕದಲ್ಲಿ ಬಂದ ಇದನ್ನು 1997ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ ಪರಿಷ್ಕರಿಸಿದರು. ಅದರಲ್ಲಿ ಪ್ರೈಮರಿ 1ನೇ ಹಂತ, ಲೋವರ್ ಸೆಕೆಂಡರಿ 2ನೇ ಹಂತ. ಪ್ರತಿ ದೇಶದ ತರಗತಿಗಳನ್ನು ಇದಕ್ಕೆ ಹೊಂದಿಸುತ್ತಾರೆ. ಫಿನ್‌ಲ್ಯಾಂಡಿನಲ್ಲಿ ಒಂದರಿಂದ ಒಂಬತ್ತರವರೆಗೆ ಒಂದೇ ಶಾಲೆ. ಆದರೂ ಲೆಕ್ಕಕ್ಕಾಗಿ ಅದನ್ನು 6ನೇ ತರಗತಿಯ ಕೊನೆಗೆ ಕತ್ತರಿಸುತ್ತಾರೆ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಒಂದು ದೇಶದಲ್ಲಿ ಈ ಹಂತ 13ಕ್ಕೆ ಮುಗಿಯುತ್ತದೆ, ಇನ್ನೊಂದರಲ್ಲಿ 15ರವರೆಗೆ ಹೋಗುತ್ತದೆ ಅನ್ನಿ. ಹುಡುಗರು ಶಾಲೆ ಬಿಡುವುದು 14, 15ರಲ್ಲೇ ಜಾಸ್ತಿ. ಹಾಗಾಗಿ ಎರಡನೇ ದೇಶದ ದರ ಕಡಿಮೆ ಕಾಣಬಹುದು. ಅಲ್ಲಿನ ಹುಡುಗರು ಹೆಚ್ಚು ಶಾಲೆ ಬಿಡುತ್ತಾರೆ ಎಂದೇನಲ್ಲ. ಹೆಚ್ಚು ಬಿಡುವ ವಯಸ್ಸು ಅಲ್ಲಿನ ಲೆಕ್ಕದೊಳಗೆ ಬಂದಿದೆ, ಅಷ್ಟೇ. ಆದ್ದರಿಂದ ಗ್ರಾಫ್ ನೋಡುವ ಮೊದಲು ಆ ದೇಶದಲ್ಲಿ ಈ ಹಂತ ಎಷ್ಟನೇ ವಯಸ್ಸಿಗೆ ಶುರು, ಎಷ್ಟು ವರ್ಷ ಎಂದು ನೋಡಿಕೊಳ್ಳಬೇಕು. ಈ ಮಾಹಿತಿ ಅದೇ ಜಾಲತಾಣದಲ್ಲಿ ಇರುತ್ತದೆ, ತೆರೆದು ನೋಡುವವರು ಮಾತ್ರ ಕಡಿಮೆ.

ಒಂದೇ ದೇಶ, ಮೂರು ಉತ್ತರ

ಈಗ ಮೊದಲು ಹೇಳಿದ 95 ಮತ್ತು 85ಕ್ಕೆ ಬರೋಣ. ಇವು ಲೆಕ್ಕ ತೋರಿಸಲು ನಾನೇ ಕಟ್ಟಿದ ಉದಾಹರಣೆಗಳು, ನಿಜವಾದ ದೇಶಗಳಲ್ಲ. ಎರಡೂ ದೇಶಗಳಲ್ಲಿ ಈ ಹಂತದ ವಯಸ್ಸು 12ರಿಂದ 14. ಎರಡರಲ್ಲೂ ಆ ವಯಸ್ಸಿನ ಹುಡುಗರು ಒಂದು ಲಕ್ಷ ಇದ್ದಾರೆ.

ಮೊದಲ ದೇಶದ ಲೋವರ್ ಸೆಕೆಂಡರಿ ತರಗತಿಗಳಲ್ಲಿ 95,000 ಹುಡುಗರು ಕೂತಿದ್ದಾರೆ. ಆದರೆ ಅವರಲ್ಲಿ 70,000 ಮಂದಿ ಮಾತ್ರ 12ರಿಂದ 14ರ ಒಳಗಿನವರು. ಉಳಿದ 25,000 ಹುಡುಗರಿಗೆ 15, 16, 17 ವರ್ಷ. ತಡವಾಗಿ ಶಾಲೆಗೆ ಸೇರಿದವರು, ಫೇಲಾಗಿ ಅದೇ ಕ್ಲಾಸಿನಲ್ಲಿ ಮತ್ತೆ ಕೂತವರು. ಎಲ್ಲರನ್ನೂ ಎಣಿಸಿ ಒಂದು ಲಕ್ಷಕ್ಕೆ ಭಾಗಿಸಿದರೆ 95. ಇದು ಒಟ್ಟು ದಾಖಲಾತಿ ದರ. ಸರಿಯಾದ ವಯಸ್ಸಿನವರನ್ನು ಮಾತ್ರ ಎಣಿಸಿದರೆ 70. ಇದು ನಿವ್ವಳ ದರ.

ಎರಡನೇ ದೇಶದಲ್ಲಿ ಒಟ್ಟು 85,000 ಹುಡುಗರಿದ್ದಾರೆ. ಅದರಲ್ಲಿ 82,000 ಮಂದಿ ಸರಿಯಾದ ವಯಸ್ಸಿನವರು. ಒಟ್ಟು ದರ 85, ನಿವ್ವಳ ದರ 82. ಈಗ ಎರಡನೇ ದೇಶ ಮುಂದೆ ಬಂತು, ಅಲ್ವಾ?

ಇಲ್ಲಿಗೇ ನಿಲ್ಲುವ ಹಾಗಿಲ್ಲ. ಈ ತರಗತಿಗಳಲ್ಲಿ ಇಲ್ಲದ ಹುಡುಗರು ಎಲ್ಲಿದ್ದಾರೆ? ಮೊದಲ ದೇಶದಲ್ಲಿ ಅಂಥವರು 30,000. ಅವರಲ್ಲಿ 24,000 ಹುಡುಗರು ಇನ್ನೂ ಪ್ರೈಮರಿಯಲ್ಲೇ ಓದುತ್ತಿದ್ದಾರೆ ಎಂದುಕೊಳ್ಳಿ. ಹಿಂದೆ ಬಿದ್ದಿದ್ದಾರೆ, ಆದರೆ ಶಾಲೆ ಬಿಟ್ಟಿಲ್ಲ. ಪೂರ್ತಿ ಹೊರಗಿರುವವರು 6,000. ಎರಡನೇ ದೇಶದಲ್ಲಿ ಉಳಿದ 18,000 ಹುಡುಗರಲ್ಲಿ ಬೇರೆ ತರಗತಿಗಳಲ್ಲಿ ಇರುವವರು 3,000 ಮಾತ್ರ. 15,000 ಹುಡುಗರು ಯಾವ ಶಾಲೆಯಲ್ಲೂ ಇಲ್ಲ. ಅಂದರೆ ಶಾಲೆಯ ಹೊರಗೆ ಉಳಿದವರ ಪ್ರಮಾಣ ಮೊದಲ ದೇಶದಲ್ಲಿ ನೂರಕ್ಕೆ 6, ಎರಡನೆಯದರಲ್ಲಿ 15. ಮತ್ತೆ ಮೊದಲ ದೇಶವೇ ಮುಂದೆ!

ಮೂರೂ ಅಂಕಿ ನಿಜ. ಒಟ್ಟು ದರ ಹೇಳುವುದು ಬೆಂಚುಗಳು ಎಷ್ಟು ತುಂಬಿವೆ ಎಂದು. ನಿವ್ವಳ ದರ ಹೇಳುವುದು ಎಷ್ಟು ಹುಡುಗರು ಸಮಯಕ್ಕೆ ಸರಿಯಾಗಿ ಇಲ್ಲಿಗೆ ಬಂದಿದ್ದಾರೆ ಎಂದು. ಮೂರನೆಯದು ಕೈತಪ್ಪಿ ಹೋದವರ ಲೆಕ್ಕ. ಮೊದಲ ದೇಶ ಮಕ್ಕಳನ್ನು ಶಾಲೆಯಲ್ಲಿ ಇಟ್ಟುಕೊಂಡಿದೆ, ಆದರೆ ಮುಂದಕ್ಕೆ ಸಾಗಿಸುತ್ತಿಲ್ಲ. ಎರಡನೆಯದು ಸಾಗಿಸುತ್ತಿದೆ, ಆದರೆ ಹಲವರನ್ನು ಬಿಟ್ಟುಬಿಟ್ಟಿದೆ. ಎರಡು ಬೇರೆ ರೋಗ, ಎರಡಕ್ಕೂ ಬೇರೆ ಮದ್ದು. ಒಂದೇ ಅಂಕಿಯಿಂದ ಸ್ಥಾನ ಕೊಡುವವರು ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತಾರೆ ಅನ್ನೋದು ನನ್ನ ತಕರಾರು.

ಒಟ್ಟು ದರ 100 ದಾಟುವುದೂ ಇದೇ ಕಾರಣಕ್ಕೆ. ಅದು ತಪ್ಪಲ್ಲ. ಭಾಗಿಸುವಾಗ ಮೇಲಿನ ಸಂಖ್ಯೆಯಲ್ಲಿ ಎಲ್ಲ ವಯಸ್ಸಿನವರು, ಕೆಳಗಿನ ಸಂಖ್ಯೆಯಲ್ಲಿ ಆ ಹಂತದ ವಯಸ್ಸಿನವರು ಮಾತ್ರ ಇದ್ದರೆ ಹಾಗಾಗುತ್ತದೆ. ಬೆಲ್ಜಿಯಂ, ಸ್ವೀಡನ್‌ನಂಥ ದೇಶಗಳ ಸೆಕೆಂಡರಿ ದರ 100ಕ್ಕಿಂತ ಬಹಳ ಮೇಲಿರುವುದಕ್ಕೆ ದೊಡ್ಡವರ ಕಲಿಕೆಯನ್ನೂ ಅದರಲ್ಲಿ ಸೇರಿಸುವುದು ಒಂದು ಕಾರಣ. ಬಡ ದೇಶದ 110 ಮತ್ತು ಶ್ರೀಮಂತ ದೇಶದ 110ರ ಹಿಂದೆ ಪೂರ್ತಿ ಬೇರೆ ಬೇರೆ ಜನ ಇರಬಹುದು.

ಗೆರೆ ಇಳಿದರೆ ಕೆಟ್ಟ ಸುದ್ದಿಯೇ?

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ನಮ್ಮ ಮೊದಲ ದೇಶ ಪ್ರೈಮರಿಯನ್ನು ಚೆನ್ನಾಗಿ ನಡೆಸಿತು ಎಂದುಕೊಳ್ಳಿ. ಫೇಲಾಗುವುದು ಕಡಿಮೆಯಾಯಿತು, ಎಲ್ಲರೂ ಆರನೇ ವಯಸ್ಸಿಗೇ ಸೇರತೊಡಗಿದರು. ಹತ್ತು ವರ್ಷದ ಮೇಲೆ ಲೋವರ್ ಸೆಕೆಂಡರಿಯಲ್ಲಿ ವಯಸ್ಸು ಮೀರಿದ ಹುಡುಗರು ಕರಗಿಹೋಗುತ್ತಾರೆ. ಒಟ್ಟು ದರ 95ರಿಂದ 92ಕ್ಕೆ ಇಳಿಯಬಹುದು. ಅದೇ ಹೊತ್ತಿಗೆ ನಿವ್ವಳ ದರ 70ರಿಂದ 88ಕ್ಕೆ ಏರಿರಬಹುದು. ಗ್ರಾಫ್‌ನಲ್ಲಿ ಒಟ್ಟು ದರವನ್ನು ಮಾತ್ರ ನೋಡಿದವರು 'ಹುಡುಗರು ಶಾಲೆ ಬಿಡುತ್ತಿದ್ದಾರೆ' ಎಂದು ಬರೆದುಬಿಡುತ್ತಾರೆ. ನಡೆದದ್ದು ಅದರ ಉಲ್ಟಾ.

ಕೆಲವೊಮ್ಮೆ ಶಾಲೆಗಳಲ್ಲಿ ಏನೂ ಬದಲಾಗಿರುವುದಿಲ್ಲ, ಎಣಿಸುವ ರೀತಿ ಬದಲಾಗಿರುತ್ತದೆ. ದೇಶದ ಶಾಲೆಗಳಿಂದ ಅಂಕಿ ಸಂಗ್ರಹಿಸುವ ಭಾರತ ಸರ್ಕಾರದ ವ್ಯವಸ್ಥೆ ಯುಡೈಸ್ ಪ್ಲಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಪ್ರತಿ ಶಾಲೆ ತನ್ನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಒಟ್ಟು ಸಂಖ್ಯೆ ಕೊಡುತ್ತಿತ್ತು. 2022-23ರಿಂದ ಪ್ರತಿ ಮಗುವಿನ ವಿವರವನ್ನು ಬೇರೆಬೇರೆಯಾಗಿ ದಾಖಲಿಸುವ ಪದ್ಧತಿ ಬಂತು. 2021-22ರಲ್ಲಿ ಸುಮಾರು 26.5 ಕೋಟಿ ಇದ್ದ ಒಟ್ಟು ದಾಖಲಾತಿ 2022-23ರಲ್ಲಿ ಸುಮಾರು 25.2 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಒಂದು ಕೋಟಿಗೂ ಜಾಸ್ತಿ ಮಕ್ಕಳು ಶಾಲೆ ಬಿಟ್ಟರೇ? ಹಾಗೆ ಹೇಳಲು ಬರುವುದಿಲ್ಲ. ಒಂದೇ ಮಗು ಎರಡು ಕಡೆ ಎಣಿಕೆಯಾಗಿದ್ದರೆ ಹೊಸ ಪದ್ಧತಿಯಲ್ಲಿ ಅದು ಬಿದ್ದುಹೋಗುತ್ತದೆ. ಎರಡೂ ಪದ್ಧತಿಗಳ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವುದೇ ತಪ್ಪು. ಗೆರೆ ಅಲ್ಲಿ ತುಂಡಾಗಬೇಕು.

ಭಾಗಿಸುವ ಸಂಖ್ಯೆಯ ಕಥೆ ಇನ್ನೂ ಸೂಕ್ಷ್ಮ. ಎಷ್ಟು ಹುಡುಗರು ಶಾಲೆಯಲ್ಲಿದ್ದಾರೆ ಎಂದು ಹಾಜರಿ ಪುಸ್ತಕ ಹೇಳುತ್ತದೆ. ದೇಶದಲ್ಲಿ ಆ ವಯಸ್ಸಿನ ಹುಡುಗರು ಎಷ್ಟಿದ್ದಾರೆ ಎಂದು ಯಾರು ಹೇಳಬೇಕು? ಜನಗಣತಿ. ಲೆಬನಾನ್‌ನಲ್ಲಿ ಕೊನೆಯ ಜನಗಣತಿ ಆದದ್ದು 1932ರಲ್ಲಿ. ನೈಜೀರಿಯಾದಲ್ಲಿ 2006ರಲ್ಲಿ. ಪಾಕಿಸ್ತಾನದಲ್ಲಿ 1998ರ ನಂತರ 2017ರವರೆಗೆ ಆಗಲಿಲ್ಲ. ಭಾರತದಲ್ಲಿ 2011ರದ್ದು ಆದಮೇಲೆ 2021ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಯಿತು. ನಡುವಿನ ವರ್ಷಗಳಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ಅಂದಾಜನ್ನು ಬಳಸುತ್ತಾರೆ. ಆ ಅಂದಾಜು ಆಗಾಗ ಪರಿಷ್ಕರಣೆಯಾಗುತ್ತದೆ. ಆಗ ಹಳೆಯ ವರ್ಷಗಳ ದರವೂ ಬದಲಾಗುತ್ತದೆ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದು 2025ರಲ್ಲಿ ಕಂಡಿತು. ಜಗತ್ತಿನಲ್ಲಿ ಶಾಲೆಯ ಹೊರಗಿರುವ ಮಕ್ಕಳು 25.1 ಕೋಟಿ ಎಂದು ಅದಕ್ಕೂ ಮೊದಲು ಯುನೆಸ್ಕೊ ಹೇಳಿತ್ತು. ಆ ವರ್ಷ ಅದು 27.2 ಕೋಟಿ ಎಂದಿತು. ಈ ಹೆಚ್ಚಳದಲ್ಲಿ ಅರ್ಧಕ್ಕೂ ಜಾಸ್ತಿ ಭಾಗ ಬಂದದ್ದು ಹೊಸ ಜನಸಂಖ್ಯಾ ಅಂದಾಜಿನಿಂದ. ಆ ಮಕ್ಕಳು ಮೊದಲೂ ಶಾಲೆಯ ಹೊರಗೇ ಇದ್ದರು, ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಕಸಿವಿಸಿ ಉಂಟುಮಾಡುವ ಸಂಗತಿ ಇದು.

ಹುಡುಗರ ಗೆರೆಯನ್ನೇ ನೋಡುವುದು

ದಶಕಗಳ ಕಾಲ ಹುಡುಗರ ಅಂಕಿಯನ್ನು ಹುಡುಗಿಯರಿಗೆ ಅಳತೆಗೋಲಾಗಿ ಬಳಸಿದ್ದೇವೆ. ಅದಕ್ಕೆ ಸಕಾರಣವೂ ಇತ್ತು. ಬಹಳಷ್ಟು ದೇಶಗಳಲ್ಲಿ ಹುಡುಗಿಯರು ತೀರಾ ಹಿಂದಿದ್ದರು, ಕೆಲವೆಡೆ ಈಗಲೂ ಹಿಂದಿದ್ದಾರೆ. ಹುಡುಗಿಯರ ದರವನ್ನು ಹುಡುಗರ ದರದಿಂದ ಭಾಗಿಸಿ ಲಿಂಗ ಸಮಾನತೆ ಸೂಚ್ಯಂಕ ತೆಗೆಯುತ್ತಾರೆ. ಉತ್ತರ 0.97ರಿಂದ 1.03ರ ಒಳಗೆ ಇದ್ದರೆ ಸಮಾನತೆ ಬಂದಿದೆ ಎಂದು ಲೆಕ್ಕ.

ತೊಡಕು ಇರುವುದು ಇಲ್ಲಿ. ಹುಡುಗಿಯರದ್ದು 80, ಹುಡುಗರದ್ದು 90 ಇದ್ದರೆ ಸೂಚ್ಯಂಕ 0.89. ಹತ್ತು ವರ್ಷದ ಮೇಲೆ ಹುಡುಗಿಯರದ್ದು ಅದೇ 80, ಹುಡುಗರದ್ದು 80ಕ್ಕೆ ಕುಸಿಯಿತು ಎಂದರೆ ಸೂಚ್ಯಂಕ ಸರಿಯಾಗಿ 1. ವರದಿಯಲ್ಲಿ ಅದು ಸಾಧನೆ. ಒಬ್ಬ ಹುಡುಗಿಗೂ ಲಾಭ ಆಗಲಿಲ್ಲ, ಸಾವಿರಾರು ಹುಡುಗರು ಹೊರಗೆ ಹೋದರು. ಅದಕ್ಕೇ ಹುಡುಗರ ಗೆರೆಯನ್ನು ಅದರ ಪಾಡಿಗೆ ಒಮ್ಮೆ ನೋಡಲೇಬೇಕು.

ಮಂಗೋಲಿಯಾ ನೋಡಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಮಾಜವಾದಿ ವ್ಯವಸ್ಥೆ ಮುರಿಯಿತು. ಸಹಕಾರಿ ಸಂಘಗಳ ಕೈಯಲ್ಲಿದ್ದ ಕುರಿ, ಕುದುರೆ, ದನಗಳು ಕುಟುಂಬಗಳ ಪಾಲಾದವು. ಮಂದೆ ಬಂದ ಮೇಲೆ ಕಾಯುವ ಕೈ ಬೇಕಲ್ಲ? ಹುಡುಗರನ್ನು ಶಾಲೆಯಿಂದ ಬಿಡಿಸಿದರು. ಅಲೆಮಾರಿ ಕುಟುಂಬಗಳ ಮಕ್ಕಳು ಹಾಸ್ಟೆಲ್‌ನಲ್ಲಿದ್ದು ಓದಬೇಕು. ಆ ದಶಕದಲ್ಲಿ ಕೆಲವು ವರ್ಷ ಹಾಸ್ಟೆಲ್ ಊಟಕ್ಕೆ ಮಾಂಸವನ್ನು ಮನೆಯವರೇ ಕೊಡಬೇಕಾಗಿತ್ತು. ಅದೂ ಹೊರೆಯಾಯಿತು. ಶಾಲೆ ಬಿಟ್ಟವರಲ್ಲಿ ಹುಡುಗರೇ ಜಾಸ್ತಿ. ಮಂಗೋಲಿಯಾದ ಹುಡುಗರ ಗೆರೆ ಆ ದಶಕದಲ್ಲಿ ತಗ್ಗಿಗೆ ಬಿದ್ದು ಆಮೇಲೆ ಎದ್ದಿದೆ. ಸೂಚ್ಯಂಕ ಮಾತ್ರ ನೋಡಿದವರಿಗೆ ಅಲ್ಲಿ ಹುಡುಗಿಯರು ಬಹಳ ಮುಂದೆ ಬಂದಂತೆ ಕಾಣುತ್ತದೆ.

ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿರುವ ಪುಟ್ಟ ದೇಶ ಲೆಸೊಥೊದಲ್ಲೂ ಹುಡುಗರು ದನ ಕಾಯುತ್ತಾರೆ. ಗಂಡಸರು ಗಣಿ ಕೆಲಸಕ್ಕೆ ಗಡಿ ದಾಟಿ ಹೋದ ಮೇಲೆ ಬೆಟ್ಟದ ಮೇಲಿನ ಮಂದೆ ಹುಡುಗರ ಪಾಲಿಗೆ ಬರುತ್ತಿತ್ತು. 2000ದಿಂದ ಅಲ್ಲಿ ಪ್ರೈಮರಿಯನ್ನು ಹಂತಹಂತವಾಗಿ ಉಚಿತ ಮಾಡಿದರು. ಆದರೂ ಸೆಕೆಂಡರಿಯಲ್ಲಿ ಹುಡುಗಿಯರಿಗಿಂತ ಹುಡುಗರು ಕಡಿಮೆ.

ಬಾಂಗ್ಲಾದೇಶದ ದಾರಿ ಬೇರೆ. 1994ರಲ್ಲಿ ಅದು ಗ್ರಾಮೀಣ ಪ್ರದೇಶದಲ್ಲಿ 6ರಿಂದ 10ನೇ ತರಗತಿಯ ಹುಡುಗಿಯರಿಗೆ ಸ್ಟೈಪೆಂಡ್ ಕೊಡತೊಡಗಿತು. ನೂರಕ್ಕೆ 75 ಹಾಜರಿ ಇರಬೇಕು, ಪರೀಕ್ಷೆಯಲ್ಲಿ ನೂರಕ್ಕೆ 45 ಅಂಕ ಬರಬೇಕು, ಶಾಲೆ ಮುಗಿಯುವವರೆಗೆ ಮದುವೆ ಆಗಬಾರದು. ಇವು ಷರತ್ತುಗಳು. ಕೆಲವೇ ವರ್ಷಗಳಲ್ಲಿ ಸೆಕೆಂಡರಿಯಲ್ಲಿ ಹುಡುಗಿಯರು ಹುಡುಗರನ್ನು ದಾಟಿದರು. ಇದನ್ನು ಹುಡುಗರ ಸೋಲು ಎಂದು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು ಒಂದು ಗಟ್ಟಿ ಕ್ರಮ ಇತ್ತು, ಬಡ ಹುಡುಗನನ್ನು ಉಳಿಸಲು ಅಂಥದ್ದು ಇರಲಿಲ್ಲ. ಒಬ್ಬರದ್ದು ಕಿತ್ತು ಇನ್ನೊಬ್ಬರಿಗೆ ಕೊಟ್ಟದ್ದಲ್ಲ.

ಬಡ ಹುಡುಗನನ್ನು ಹೊರಗೆಳೆಯುವುದು ಬಹುತೇಕ ಕಡೆ ದುಡಿಮೆಯೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ 2020ಕ್ಕೆ ಮಾಡಿದ ಅಂದಾಜಿನಲ್ಲಿ ಬಾಲಕಾರ್ಮಿಕರು 16 ಕೋಟಿ. ಅದರಲ್ಲಿ ಹುಡುಗರು 9.7 ಕೋಟಿ, ಹುಡುಗಿಯರು 6.3 ಕೋಟಿ. ಮನೆಗೆಲಸವನ್ನೂ ಸೇರಿಸಿದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು. ಅದೇ ವರ್ಷ ಶಾಲೆಯ ಹೊರಗಿದ್ದ ಪ್ರೈಮರಿ, ಸೆಕೆಂಡರಿ ವಯಸ್ಸಿನ ಹುಡುಗರು 13.2 ಕೋಟಿ ಎಂದು ಯುನೆಸ್ಕೊ 2022ರಲ್ಲಿ ಹೇಳಿತು.

ಉತ್ತರ ನೈಜೀರಿಯಾದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅಲ್ಲಿ ಚಿಕ್ಕ ಹುಡುಗರನ್ನು ದೂರದ ಊರಿನ ಕುರಾನ್ ಗುರುಗಳ ಬಳಿ ಬಿಡುವ ಅಲ್ಮಾಜಿರಿ ಪದ್ಧತಿ ಇದೆ. ಹೆಚ್ಚುಕಮ್ಮಿ ಎಲ್ಲರೂ ಹುಡುಗರೇ. ಗಣಿತ, ಇಂಗ್ಲಿಷ್, ವಿಜ್ಞಾನ ಕಲಿಸದ ಕಡೆ ಈ ಹುಡುಗರು ಶಾಲಾ ದಾಖಲಾತಿಯೊಳಗೆ ಬರುವುದಿಲ್ಲ. ಅವರು ಕಲಿಯುತ್ತಿದ್ದಾರೋ ಇಲ್ಲವೋ? ಮನೆಯವರ ಉತ್ತರ ಒಂದು, ಅಂಕಿಅಂಶದ ಉತ್ತರ ಇನ್ನೊಂದು.

ಹಾಗಂತ ಹುಡುಗರ ಗೆರೆಯನ್ನು ಒಂಟಿಯಾಗಿಯೂ ಓದಬಾರದು. ಅಫ್ಘಾನಿಸ್ತಾನದಲ್ಲಿ 2021ರಿಂದ ಹುಡುಗಿಯರಿಗೆ 6ನೇ ತರಗತಿಯ ಮೇಲೆ ಶಾಲೆಯೇ ಇಲ್ಲ. ಅಲ್ಲಿನ ಹುಡುಗರ ಲೋವರ್ ಸೆಕೆಂಡರಿ ಗ್ರಾಫ್ ಒಂದನ್ನೇ ತೆರೆದರೆ ಆ ದೇಶದಲ್ಲಿ ಆಗಿರುವ ದೊಡ್ಡ ಅನ್ಯಾಯ ಕಾಣುವುದೇ ಇಲ್ಲ.

ಹೆಸರು ಇದೆ, ಹುಡುಗ ಇದ್ದಾನಾ?

ದಾಖಲಾತಿ ಅಂದರೆ ಪುಸ್ತಕದಲ್ಲಿ ಹೆಸರು ಇದೆ ಎಂದರ್ಥ. ದಿನಾ ಬರುತ್ತಾನೆ ಎಂದಲ್ಲ. ಮಕ್ಕಳ ತಲೆಲೆಕ್ಕದ ಮೇಲೆ ಅನುದಾನ ಬರುವ ಕಡೆ ಹೆಸರು ಅಳಿಸಲು ಶಾಲೆಗೆ ಆಸಕ್ತಿಯೂ ಇರುವುದಿಲ್ಲ. ಕೀನ್ಯಾ 2003ರಲ್ಲಿ ಪ್ರೈಮರಿ ಶುಲ್ಕ ತೆಗೆದುಹಾಕಿತು. ಆಮೇಲೆ ಸರ್ಕಾರಿ ಅಂಕಿಗಳಲ್ಲಿ ದಾಖಲಾತಿ ಏರುತ್ತಾ ಹೋಯಿತು. ಮನೆಮನೆ ಸಮೀಕ್ಷೆಗಳ ಅಂಕಿಗಳನ್ನು ಪಕ್ಕ ಇಟ್ಟು ನೋಡಿದ ಸಂಶೋಧಕರಿಗೆ ಅಷ್ಟು ಏರಿಕೆ ಕಾಣಲಿಲ್ಲ.

ಹೀಗಾಗಿ ಮನೆ ಬಾಗಿಲಿಗೆ ಹೋಗಿ ಕೇಳುವ ಸಮೀಕ್ಷೆಗಳು ಬೇಕು. 1984ರಲ್ಲಿ ಶುರುವಾದ ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ), 1990ರ ದಶಕದಿಂದ ಯುನಿಸೆಫ್ ನಡೆಸುವ ಎಂಐಸಿಎಸ್ ಅಂಥವು. ಅವೂ ಪ್ರತಿ ವರ್ಷ ಆಗುವುದಿಲ್ಲ. ಬೀದಿಯಲ್ಲಿ, ಹಾಸ್ಟೆಲ್‌ನಲ್ಲಿ ಇರುವ ಹುಡುಗರು ಅವುಗಳಿಗೆ ಸಿಗುವುದಿಲ್ಲ. ಎರಡೂ ಮೂಲಗಳು ಒಂದೇ ದಿಕ್ಕು ತೋರಿಸಿದರೆ ಮಾತ್ರ ನಾನು ಗೆರೆಯನ್ನು ನಂಬುತ್ತೇನೆ.

ಮೂರನೇ ದಾರಿ ಎಂದರೆ ಮುಗಿಸಿದವರನ್ನು ಎಣಿಸುವುದು. ಈ ಹಂತದ ಕೊನೆಯ ತರಗತಿಯ ವಯಸ್ಸು 14 ಆಗಿದ್ದರೆ, ಈಗ 17ರಿಂದ 19ರ ಒಳಗಿರುವವರಲ್ಲಿ ಎಷ್ಟು ಮಂದಿ ಅದನ್ನು ಮುಗಿಸಿದ್ದಾರೆ ಎಂದು ಕೇಳುತ್ತಾರೆ. ಮೂರರಿಂದ ಐದು ವರ್ಷ ಬಿಟ್ಟು ಕೇಳುವುದರಿಂದ ತಡವಾಗಿ ಮುಗಿಸಿದವರಿಗೂ ಅವಕಾಶ ಸಿಗುತ್ತದೆ. ಹೆಸರು ಮಾತ್ರ ಉಳಿಸಿಕೊಂಡು ಮಾಯವಾದವರು ಇಲ್ಲಿ ಬಿದ್ದುಹೋಗುತ್ತಾರೆ. ಆದರೆ ಉತ್ತರ ತಡವಾಗಿ ಬರುತ್ತದೆ.

2020ರಲ್ಲಿ ಕೊರೋನಾದಿಂದ 190ಕ್ಕೂ ಹೆಚ್ಚು ದೇಶಗಳ ಶಾಲೆಗಳು ಮುಚ್ಚಿದವು. ಪರೀಕ್ಷೆ ಇಲ್ಲದೆ ಎಲ್ಲರನ್ನೂ ಪಾಸು ಮಾಡಿದ ಕಡೆ ಹೆಸರುಗಳು ಪುಸ್ತಕದಲ್ಲೇ ಇದ್ದವು. ಹಾಗಾಗಿ ಅಲ್ಲಿನ ದಾಖಲಾತಿ ಗೆರೆ ಅಲುಗಾಡದೇ ಇರಬಹುದು. ಆಗ 12 ವರ್ಷದವನಾಗಿದ್ದ ಹುಡುಗ ಮುಗಿಸಿದವರ ಲೆಕ್ಕಕ್ಕೆ ಸಿಗುವುದು 2025ರಿಂದ 2027ರ ನಡುವಿನ ಸಮೀಕ್ಷೆಗಳಲ್ಲಿ. 2020-21ರಲ್ಲಿ ಸಪಾಟಾಗಿ ಕಂಡ ದೇಶಗಳ ಬಗ್ಗೆ ಏನಾದರೂ ಹೇಳುವ ಮೊದಲು ನೋಡಬೇಕಾದದ್ದು ಆ ಅಂಕಿಗಳನ್ನೇ.